ಮಾಲಿಕ್ ದೀನಾರರ ಕಥೆ: ಕೇಳಿದ್ದೆಲ್ಲ ಇತಿಹಾಸವೇ?
ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯನ್ನು 644ರಲ್ಲಿ ಮಾಲಿಕ್ ದೀನಾರರ ತಂಡ ಕಟ್ಟಿತು ಎಂದು ನಾವೆಲ್ಲ ಹಿರಿಯರಿಂದ ಕೇಳಿದ್ದೇವೆ. ಆದರೆ ಬಸ್ರಾದ ಹೆಸರಾಂತ ಮಾಲಿಕ್ ಇಬ್ನ್ ದೀನಾರ್ ತೀರಿಕೊಂಡದ್ದು 748ರ ಸುಮಾರಿಗೆ. ಅವರ ಗುರು ಹಸನ್ ಬಸ್ರಿಯವರು ಹುಟ್ಟಿದ್ದೇ 642ರಲ್ಲಿ. ಅಂದರೆ 644ರಲ್ಲಿ ಗುರುಗಳೇ ಎರಡು ವರ್ಷದ ಮಗು!

ಹದೀಸ್ ವಿದ್ವಾಂಸರು ಯಾವ ವರದಿಯನ್ನೂ ಸುಮ್ಮನೆ ಒಪ್ಪಿದವರಲ್ಲ. ಹೇಳಿದವರು ಯಾರು, ಯಾರಿಂದ ಕೇಳಿದರು, ಇಬ್ಬರ ಕಾಲ ಕೂಡಿಬರುತ್ತದಾ ಎಂದು ನೋಡುತ್ತಿದ್ದರು. 16ನೇ ಶತಮಾನದಲ್ಲಿ ‘ತುಹ್ಫತುಲ್ ಮುಜಾಹಿದೀನ್’ ಬರೆದ ಝೈನುದ್ದೀನ್ ಮಖ್ದೂಮರೂ ಈ ಕಥೆಯನ್ನು ದಾಖಲಿಸಿ, ಇದು ಹಿಜರಿ 200ರ ಬಳಿಕ ನಡೆದಿರಬೇಕು ಎಂದರು. ಆ ಲೆಕ್ಕಕ್ಕೂ ಬಸ್ರಾದವರು ಸಿಗುವುದಿಲ್ಲ. ಬಂದವರು ಅದೇ ಹೆಸರಿನ ಬೇರೊಬ್ಬರಿರಬಹುದು.

ಹೀಗೆ ಕೇಳುವುದು ಅಗೌರವವಲ್ಲ. ಮಕ್ಕಳಿಗೆ ಈ ಕಥೆ ಹೇಳುವಾಗ ‘ಹಿರಿಯರು ಹೀಗೆ ಹೇಳ್ತಾರೆ’ ಅಂತ ಒಂದು ಮಾತು ಸೇರಿಸೋಣ. ಮಸೀದಿಯ ಹಿರಿಮೆ ಅದರಿಂದ ಕುಂದುವುದಿಲ್ಲ.