ವೃದ್ಧರಿಗೂ ಲಸಿಕೆ

ಲಸಿಕೆಯೆಂದೊಡನೆ ತೊಟ್ಟಿಲ ಕೂಸನ್ನೇ ನೆನೆಯುವುದು ನಮ್ಮ ಜನರ ವಾಡಿಕೆ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಮುಖ್ಯವಾಗಿ ಶಿಶುಗಳನ್ನೂ ಗರ್ಭಿಣಿಯರನ್ನೂ ಉದ್ದೇಶಿಸಿದುದು. ಅದರಿಂದ ದೇಶಕ್ಕಾಗಿರುವ ಮಹೋಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಮನೆಯ ಹಿರಿಯರ ಗತಿಯೇನು? 2011ರ ಜನಗಣತಿಯ ವೇಳೆಗೇ ಅರುವತ್ತು ವರ್ಷ ತುಂಬಿದವರ ಸಂಖ್ಯೆಯು 10 ಕೋಟಿಯನ್ನು ಮೀರಿತ್ತು.

ವಯಸ್ಸು ಏರಿದಂತೆ ರೋಗವನ್ನೆದುರಿಸುವ ದೇಹಶಕ್ತಿಯು ಕುಗ್ಗುವುದೆಂಬುದು ವೈದ್ಯಶಾಸ್ತ್ರಸಿದ್ಧವಾದ ಮಾತು. ತರುಣನು ನಾಲ್ಕು ದಿನ ಮಲಗಿ ಏಳುವ ಇನ್‌ಫ್ಲುಯೆಂಜಾ ಜ್ವರವು ವೃದ್ಧರಲ್ಲಿ ನ್ಯುಮೋನಿಯಾಕ್ಕೆ ತಿರುಗಬಹುದು, ಹೃದ್ರೋಗವನ್ನು ಕೆರಳಿಸಬಹುದು. ಇದರ ವಿಷಾಣುವು ಮೇಲಿಂದ ಮೇಲೆ ವೇಷವನ್ನು ಬದಲಿಸುವುದರಿಂದ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ಮಳೆಗಾಲದಲ್ಲಿ ಈ ಜ್ವರವು ಹೆಚ್ಚುವ ನಮ್ಮ ಸೀಮೆಯಲ್ಲಿ ಅದಕ್ಕೆ ಮುಂಚೆಯೇ ಹಾಕಿಸುವುದು ಯುಕ್ತ. ನ್ಯುಮೋನಿಯಾವನ್ನುಂಟುಮಾಡುವ ನ್ಯುಮೊಕಾಕಸ್ ಅಣುಜೀವಿಗೂ, ಮುಪ್ಪಿನಲ್ಲಿ ಬಹು ಯಾತನೆ ಕೊಡುವ ಸರ್ಪಸುತ್ತಿಗೂ ಬೇರೆ ಬೇರೆ ಲಸಿಕೆಗಳುಂಟು. ಇವು ರೋಗವನ್ನು ಸಂಪೂರ್ಣವಾಗಿ ತಡೆಯುವುವೆನ್ನಲಾಗದು. ಅದರ ಉಗ್ರತೆಯನ್ನು ತಗ್ಗಿಸುವುವೆಂಬುದು ನಿಸ್ಸಂದೇಹ. ತೋಳುನೋವು, ಅಲ್ಪಜ್ವರ, ಒಂದೆರಡು ದಿನದ ಆಯಾಸ, ಸಾಮಾನ್ಯವಾಗಿ ಇಷ್ಟೇ ತೊಂದರೆ.

ಕೇಂದ್ರ ಸರ್ಕಾರದವರು 2024ರ ಅಕ್ಟೋಬರಿನಲ್ಲಿ, 70 ವರ್ಷ ತುಂಬಿದವರಿಗೆ ಬಡವ ಬಲ್ಲಿದರೆಂಬ ಭೇದವಿಲ್ಲದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚವನ್ನು ವಹಿಸುವ ಯೋಜನೆಯನ್ನು ಪ್ರಾರಂಭಿಸಿದರು. ಇದು ಸ್ತುತ್ಯವಾದ ಕಾರ್ಯ. ಆದರೆ ಹಾಸಿಗೆ ಹಿಡಿದ ಮೇಲೆ ಲಕ್ಷಗಟ್ಟಲೆ ಕೊಡಲೊಪ್ಪುವ ಬೊಕ್ಕಸವು, ಹಾಸಿಗೆ ಹಿಡಿಯದಂತೆ ಕಾಯುವ ಸೂಜಿಮದ್ದಿಗೆ ಕೈ ಬಿಗಿಹಿಡಿಯುವುದು ಯಾವ ಲೆಕ್ಕ? ನ್ಯುಮೊಕಾಕಸ್ ಲಸಿಕೆಯು 2017ರಿಂದ ಹಂತಹಂತವಾಗಿ ಕೂಸುಗಳಿಗೆ ಉಚಿತವಾಗಿ ದೊರೆಯತೊಡಗಿತು. ಅದೇ ಮನೆಯ ಅಜ್ಜನು ಬಹುಮಟ್ಟಿಗೆ ತನ್ನ ಹಣವನ್ನೇ ತೆತ್ತು ಖಾಸಗಿ ವೈದ್ಯರಲ್ಲಿ ಹಾಕಿಸಿಕೊಳ್ಳಬೇಕಾಗಿದೆ. ಪಿಂಚಣಿಯಿಲ್ಲದ ಕೂಲಿಗಾರನಿಗೆ ಇದು ಕೈಗೆಟುಕದ ಮಾತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆಯು ಇಲ್ಲಿಗೆ ಸಲ್ಲುತ್ತದೆ.

ಇದು ಅಸಾಧ್ಯವಾದುದೇನೂ ಅಲ್ಲ. 2021ರ ಮಾರ್ಚಿ 1ರಿಂದ ಅರುವತ್ತು ವರ್ಷ ತುಂಬಿದವರಿಗೆ ಕೋವಿಡ್ ಲಸಿಕೆಯನ್ನು ಹಾಕತೊಡಗಿದಾಗ, ಕೋಲೂರಿಕೊಂಡು ಬಂದ ಮುದುಕರು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಪುಣೆಯಲ್ಲಿಯೂ ಹೈದರಾಬಾದಿನಲ್ಲಿಯೂ ತಯಾರಾದ ಲಸಿಕೆಗಳೇ ಅವರಿಗೆ ಸಂದುವು. ತಯಾರಿಸುವ ಸಾಮರ್ಥ್ಯವೂ, ಹಳ್ಳಿಗೆ ಮುಟ್ಟಿಸುವ ಅನುಭವವೂ ನಮಗಿವೆ, ಸಂಕಲ್ಪವೊಂದೇ ಬೇಕಾಗಿದೆ.

ಆದುದರಿಂದ ಇನ್‌ಫ್ಲುಯೆಂಜಾ ಮತ್ತು ನ್ಯುಮೊಕಾಕಸ್ ಲಸಿಕೆಗಳನ್ನು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ವೃದ್ಧರಿಗೆ ಉಚಿತವಾಗಿ ಒದಗಿಸಬೇಕೆಂದು ನಾವು ಸರ್ಕಾರದವರನ್ನು ಒತ್ತಾಯಪಡಿಸುತ್ತೇವೆ. ಅನುಕೂಲಸ್ಥರಾದ ವಾಚಕರು ಅಷ್ಟರವರೆಗೆ ಕಾಯದೆ, ವೈದ್ಯರ ಸಲಹೆ ಪಡೆದು, ತಮ್ಮ ತಂದೆತಾಯಿಗಳಿಗೆ ಈ ಮಳೆಗಾಲಕ್ಕೆ ಮುಂಚೆಯೇ ಲಸಿಕೆಯನ್ನು ಹಾಕಿಸಲಿ.