ಗೋಕಾಕದ ಕಲ್ಲೂ ಖಡ್ಗಮೃಗವೂ

ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಹೋದವರು, ಸುಮಾರು ೧೭೦ ಅಡಿ ಎತ್ತರದಿಂದ ಧುಮುಕುವ ಘಟಪ್ರಭೆಯನ್ನು ಕಂಡು ಬೆರಗಾಗುತ್ತಾರೆ. ಮುಂದಿನ ಸಲ ಹೋದಾಗ ನೀರಿನಷ್ಟೇ ಅಲ್ಲಿನ ಬಂಡೆಯನ್ನೂ ನೋಡಿರಿ.

ಸಹ್ಯಾದ್ರಿಯಲ್ಲಿ ಹುಟ್ಟಿದ ಈ ಹೊಳೆ, ಲಾವಾರಸ ಆರಿ ಗಟ್ಟಿಯಾದ ಕರಿಕಲ್ಲಿನ ನಾಡನ್ನು ಹಾಯ್ದು ಬಂದು, ಇಲ್ಲಿ ಮರಳುಗಲ್ಲಿನ ಬಂಡೆಯಿಂದ ಜಿಗಿಯುತ್ತದೆ. ಕರಿಕಲ್ಲಿಗೆ ಸುಮಾರು ಆರೂವರೆ ಕೋಟಿ ವರ್ಷ. ಮರಳುಗಲ್ಲು ಅದಕ್ಕಿಂತ ಎಷ್ಟೋ ಪಾಲು ಹಳೆಯದು. ಕಲಾದಗಿ ಊರಿನ ಹೆಸರನ್ನೇ ಪಡೆದ ಈ ಶಿಲಾವರ್ಗ ಇಂದಿಗೂ ಭೂವಿಜ್ಞಾನದ ಗ್ರಂಥಗಳಲ್ಲಿ ಉಳಿದಿದೆ.

ಈ ಸೀಮೆಯನ್ನು ಅಳೆದು ನೋಡಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ೧೮೬೩ರಲ್ಲಿ ಮದರಾಸಿನ ಬಳಿ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿದವರೂ ಅವರೇ. ಗೋಕಾಕದ ಸಮೀಪದ ಹಳ್ಳವೊಂದರಲ್ಲಿ ದೊರೆತ ಪಳೆಯುಳಿಕೆಗಳನ್ನು ಪರೀಕ್ಷಿಸಿ, ಅವು ಅಳಿದುಹೋದ ಒಂದು ಖಡ್ಗಮೃಗದವೆಂದು ೧೮೭೪ರಲ್ಲಿ ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ರೈನಾಸೆರಸ್ ಡೆಕ್ಕನೆನ್ಸಿಸ್’, ಎಂದರೆ ದಖ್ಖನದ ಖಡ್ಗಮೃಗ. ೧೮೭೬ರಲ್ಲಿ ಈ ಪ್ರದೇಶದ ಭೂರಚನೆಯ ಬಗೆಗೆ ಅವರ ದೊಡ್ಡ ಗ್ರಂಥವೂ ಹೊರಬಂದಿತು.

ಜೋಳ, ಕಬ್ಬು ಬೆಳೆಯುವ ಈ ಬಯಲಿನಲ್ಲಿ ಖಡ್ಗಮೃಗವೆ? ಅಹುದು. ಅಂಥ ಪ್ರಾಣಿ ಬಾಳಬೇಕಾದರೆ ಮೇವೂ ನೀರೂ ಹೇರಳವಾಗಿದ್ದಿರಲೇಬೇಕು. ಹೀಗೆ ಒಂದು ಎಲುಬು ನಾಡಿನ ಹಿಂದಿನ ಹವೆಯನ್ನೇ ಹೇಳಬಲ್ಲುದು. ಆದರೆ ಅದು ಯಾವ ಪದರಿನಲ್ಲಿತ್ತೆಂಬುದು ತಿಳಿದರೆ ಮಾತ್ರ. ಪದರಿನಿಂದ ಕಿತ್ತ ಎಲುಬು ಅರ್ಧ ಮೂಕವಾದಂತೆ.

ಆದುದರಿಂದ ಹಳ್ಳದ ದಂಡೆಯಲ್ಲಿ ಮಣ್ಣು, ಮರಳು ಅಗೆಯುವಾಗ ಕಲ್ಲಾದ ಎಲುಬು ಕಂಡರೆ ಮನೆಗೆ ಒಯ್ಯಬೇಡಿರಿ. ಇದ್ದಲ್ಲೇ ಬಿಟ್ಟು, ಹತ್ತಿರದ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರಿಗೆ ತಿಳಿಸಿರಿ. ಫೂಟರು ಓದಿದ ಪುಸ್ತಕದ ಉಳಿದ ಹಾಳೆಗಳು ನಿಮ್ಮ ಊರ ಹಳ್ಳದಲ್ಲಿಯೂ ಇರಬಹುದು.