ಹೈಬ್ರಿಡ್ ಕಾರಿನ ಪಾಲನೆ

ರಾಮನಗರದ ಪಕ್ಕದ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 2013ರಲ್ಲಿ ಹೈಬ್ರಿಡ್ ಕಾರು ತಯಾರಿಸತೊಡಗಿತು. ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವುದರಿಂದ ರಿಪೇರಿ ಖರ್ಚು ಇಮ್ಮಡಿಯಾದೀತೆಂದು ರೈತರು ಹೆದರುವುದುಂಟು. ಹಾಗೇನಿಲ್ಲ. ಎಂಜಿನ್ ಆಯಿಲ್, ಫಿಲ್ಟರುಗಳನ್ನು ಪೆಟ್ರೋಲ್ ಕಾರಿನಂತೆಯೇ ಕಾಲಕಾಲಕ್ಕೆ ಬದಲಿಸಬೇಕು. ಉಳಿತಾಯವಿರುವುದು ಬ್ರೇಕಿನಲ್ಲಿ: ವೇಗ ಇಳಿಸುವಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ ತುಂಬುವುದರಿಂದ ಬ್ರೇಕ್ ಪ್ಯಾಡು ನಿಧಾನವಾಗಿ ಸವೆಯುತ್ತದೆ.

ಎಚ್ಚರ ಬೇಕಾದುದು ದೊಡ್ಡ ಬ್ಯಾಟರಿಯ ಬಗ್ಗೆ. ಅದನ್ನು ತಂಪಾಗಿಡುವ ಗಾಳಿಕಿಂಡಿ ಅನೇಕ ಮಾದರಿಗಳಲ್ಲಿ ಸೀಟಿನ ಬಳಿಯೇ ಇರುತ್ತದೆ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡನ್ನೋ, ಮಾಗಡಿ, ಕನಕಪುರದ ಹೊಲದಿಂದ ರಾಗಿ ಚೀಲವನ್ನೋ ಕಾರಿನಲ್ಲೇ ಹೇರುವವರು (ಟೆಂಪೊ ಸಿಕ್ಕರೆ ಅದೇ ಮೇಲು) ಆ ಕಿಂಡಿಯನ್ನು ಮುಚ್ಚಬಾರದು, ಧೂಳು ತೆಗೆಸುತ್ತಿರಬೇಕು. ಬ್ಯಾಟರಿ ಕಾದಷ್ಟೂ ಅದರ ಬಾಳಿಕೆ ಕುಗ್ಗುತ್ತದೆ, ಬದಲಿಸುವ ಖರ್ಚೂ ದೊಡ್ಡದು. ಹಳೆಯ ಕಾರು ಕೊಳ್ಳುವವರು ಬ್ಯಾಟರಿಯ ವಾರಂಟಿ ಎಷ್ಟು ಉಳಿದಿದೆಯೆಂದು ಮೊದಲೇ ಕೇಳಿ ತಿಳಿಯಿರಿ. ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯದ ವೋಲ್ಟೇಜು ಇರುತ್ತದೆ. ತರಬೇತಿಯಿಲ್ಲದ ಮೆಕ್ಯಾನಿಕ್ ಅವನ್ನು ಮುಟ್ಟಕೂಡದು.